ಒಂದು ಟ್ರಂಕ್ ಆಟಿಕೆ ರೈಲು, ನಾನೂರು ಬಿಡಿಭಾಗ: ನಂಬರ್ ಹೇಗೆ ಕೊಡೋಣ?

ಮುಲುಂಡ್ ಕಪಾಟು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆಯ ಒಂದು ಕನ್ನಡ ಸಂಘದ ಡಿಜಿಟಲ್ ಲೈಬ್ರರಿ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಇಲ್ಲಿಯವರೆಗೆ ನಾವು ಮಾಡಿದ್ದೆಲ್ಲ ಕಾಗದದ ಕೆಲಸ. ಹಳೆ ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಮದುವೆ ಕರೆಯೋಲೆ, ಫೋಟೊ. ಸ್ಕ್ಯಾನ್ ಮಾಡು, ಹೆಸರು ಕೊಡು, ಹಾಕು. ಈ ವರ್ಷ ಮೊದಲ ಸಲ ವಸ್ತುಗಳು ಬಂದಿವೆ.

ಮುಂಬೈನ ಮಾಟುಂಗಾದಲ್ಲಿದ್ದ ಹಿರಿಯರೊಬ್ಬರು ತೀರಿಕೊಂಡರು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಲಿವರ್‌ಪೂಲ್, ಹ್ಯಾಂಬರ್ಗ್, ನ್ಯೂಯಾರ್ಕ್, ಹೋದಲ್ಲೆಲ್ಲ ಆಟಿಕೆ ರೈಲಿನ ಅಂಗಡಿ ಹುಡುಕುತ್ತಿದ್ದರಂತೆ. ಪೂರ್ತಿ ಸೆಟ್ ಕೊಳ್ಳಲು ದುಡ್ಡು ಸಾಲುತ್ತಿರಲಿಲ್ಲ. ಹಾಗಾಗಿ ಕೆಟ್ಟ ಇಂಜಿನ್, ಬಿಡಿ ಗಾಲಿ, ಮುರಿದ ಕೊಂಡಿ ತರುತ್ತಿದ್ದರು. ಊರಿನಲ್ಲಿದ್ದಾಗ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಸುತ್ತಿ ಮತ್ತಷ್ಟು ಸೇರಿಸುತ್ತಿದ್ದರು. ಅವರ ಮಗಳು ಟ್ರಂಕ್ ಸಮೇತ ಎಲ್ಲವನ್ನೂ ನಮಗೆ ಕೊಟ್ಟಿದ್ದಾರೆ. ಎಣಿಸಿದರೆ ನಾನೂರಕ್ಕೂ ಜಾಸ್ತಿ. ಬೆಂಕಿಪೊಟ್ಟಣಗಳಲ್ಲಿ ತುಂಬಿ ಇಟ್ಟಿದ್ದರು. ನಾವು ಎಲ್ಲ ಹೊರಗೆ ತೆಗೆದು, ಗಾಲಿಗೆ ಒಂದು, ಕೊಂಡಿಗೆ ಒಂದು, ತಗಡಿನ ಪಟ್ಟಿಗಳಿಗೆ ಒಂದು ಅಂತ ಪ್ಲಾಸ್ಟಿಕ್ ಡಬ್ಬಿ ಮಾಡಿದೆವು.

ನಂಬರ್ ನಾನೇ ಯೋಚಿಸಿ ಕೊಟ್ಟೆ. ಮೊದಲು ಕಂಪನಿ, ಆಮೇಲೆ ಗೇಜ್ (ಹಳಿಗಳ ನಡುವಿನ ಅಗಲ), ಆಮೇಲೆ ಯಾವ ಭಾಗ, ಕೊನೆಗೆ ಕ್ರಮಸಂಖ್ಯೆ. ‘ಹಾ-ಓಓ-ಕೊಂ-12’ ಅಂದರೆ ಹಾರ್ನ್‌ಬಿ, ಓಓ ಗೇಜ್, ಕೊಂಡಿ, ಹನ್ನೆರಡನೆಯದು. ಹಾರ್ನ್‌ಬಿ ಅಂದರೆ ಇಂಗ್ಲೆಂಡಿನ ಆಟಿಕೆ ರೈಲಿನ ಕಂಪನಿ. ನೋಡಿದ ತಕ್ಷಣ ಗೊತ್ತಾಗಬೇಕು ಅನ್ನೋದು ನನ್ನ ಆಸೆ. 160 ತುಂಡುಗಳಿಗೆ ಚೀಟಿ ಕಟ್ಟಿ, ಫೋಟೊ ತೆಗೆದು, ಫೈಲಿಗೂ ಅದೇ ಹೆಸರು ಕೊಟ್ಟು, ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದ್ದೂ ಆಯಿತು.

ಈಗ ಆ 12ನೇ ಕೊಂಡಿ ಕೊಂಡಿಯೇ ಅಲ್ಲ ಅಂತ ಒಬ್ಬರು ಹೇಳುತ್ತಿದ್ದಾರೆ. ಹಾರ್ನ್‌ಬಿ ಕೂಡ ಅಲ್ಲವಂತೆ. ನಂಬರ್ ಬದಲಿಸಿದರೆ ಚೀಟಿ, ಫೋಟೊ, ಪಟ್ಟಿ, ಕಳಿಸಿದ ಮೆಸೇಜ್ ಎಲ್ಲ ತಪ್ಪಾಗುತ್ತವೆ. ಬದಲಿಸದಿದ್ದರೆ ನಂಬರೇ ಸುಳ್ಳು ಹೇಳುತ್ತದೆ. ಇಂಥವು ಇನ್ನೂ ಎಷ್ಟಿವೆಯೋ. ಮುಂದೆ ಹೋಗುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.


ಡೊಂಬಿವಲಿ ಗ್ರಂಥಪಾಲಕಿ:

ಅಕ್ಕ, 160ರಲ್ಲೇ ನಿಲ್ಲಿಸಿ ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನೂ ಕಾಲೇಜು ಲೈಬ್ರರಿಯಲ್ಲಿ ಇದೇ ತಪ್ಪು ಮಾಡಿ ಎರಡು ಬೇಸಿಗೆ ರಜೆ ಕಳೆದುಕೊಂಡಿದ್ದೇನೆ.

ಪುಸ್ತಕಕ್ಕೆ ಲೈಬ್ರರಿಯಲ್ಲಿ ಎರಡು ನಂಬರ್ ಇರುತ್ತವೆ, ನೋಡಿರಬಹುದು. ಒಂದು ಬೆನ್ನಿನ ಮೇಲೆ. ಅದು ವಿಷಯ ಹೇಳುತ್ತದೆ, ಯಾವ ಕಪಾಟು ಅಂತ ಹೇಳುತ್ತದೆ. ಇನ್ನೊಂದು ಒಳಪುಟದಲ್ಲಿ, ಮೊಹರಿನ ಹತ್ತಿರ. ಅದು ಆಕ್ಸೆಷನ್ ನಂಬರ್. ಅದು ಏನೂ ಹೇಳುವುದಿಲ್ಲ. ಈ ಪುಸ್ತಕ ನಮ್ಮ ಮನೆಗೆ ಬಂದ ಎಷ್ಟನೆಯದು, ಅಷ್ಟೇ. ವಿಷಯದ ನಂಬರ್ ನಾಳೆ ಬದಲಾಗಬಹುದು. ಆಕ್ಸೆಷನ್ ನಂಬರ್ ಬದಲಾಗುವ ಹಾಗಿಲ್ಲ. ಪುಸ್ತಕ ಕಳೆದುಹೋದರೂ ಆ ನಂಬರನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ.

ನಿಮ್ಮ ‘ಹಾ-ಓಓ-ಕೊಂ-12’ ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡಲು ಹೋಗಿದೆ. ಅದೇ ತೊಂದರೆ. ವಸ್ತುವಿಗೆ ಸುಮ್ನೆ 0001ರಿಂದ ಒಂದು ಮೂಕ ನಂಬರ್ ಕೊಡಿ. ಕಂಪನಿ, ಗೇಜ್, ಯಾವ ಭಾಗ ಅನ್ನೋದು ಪಟ್ಟಿಯಲ್ಲಿ ಬೇರೆ ಬೇರೆ ಕಾಲಂ ಆಗಲಿ. ಅಲ್ಲಿ ಎಷ್ಟು ಸಲ ತಿದ್ದಿದರೂ ಚೀಟಿ ಮುಟ್ಟಬೇಕಾಗಿಲ್ಲ.

ಮ್ಯೂಸಿಯಂಗಳು ಮೂರು ತುಂಡಿನ ನಂಬರ್ ಬಳಸುತ್ತವೆ. ಬಂದ ವರ್ಷ, ಆ ವರ್ಷದ ಎಷ್ಟನೇ ಕೊಡುಗೆ, ಅದರಲ್ಲಿ ಎಷ್ಟನೇ ವಸ್ತು. ನಿಮ್ಮದು ಚಿಕ್ಕ ಸಂಗ್ರಹ, ಒಂದೇ ಸಾಲಿನ ಕ್ರಮಸಂಖ್ಯೆ ಸಾಕು.

ಇನ್ನೊಂದು ವಿಷಯ. ಆ ಬೆಂಕಿಪೊಟ್ಟಣಗಳು ಎಲ್ಲಿವೆ?


ಮುಲುಂಡ್ ಕಪಾಟು:

ಅರ್ಥ ಆಯಿತು ಮೇಡಂ. ಆದರೆ ನಮ್ಮಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಎಪ್ಪತ್ತು ದಾಟಿದವರು. ಡಬ್ಬಿ ತೆಗೆದು 0217 ಅಂತ ನೋಡಿದರೆ ಅವರಿಗೆ ಏನೂ ಹೊಳೆಯುವುದಿಲ್ಲ. ಪ್ರತಿ ಸಲ ಕಂಪ್ಯೂಟರ್ ತೆರೆದು ನೋಡಬೇಕು. ‘ಕೊಂ’ ಅಂತ ಇದ್ದರೆ ಕೊಂಡಿ ಅಂತಾದರೂ ಗೊತ್ತಾಗುತ್ತಿತ್ತು.

ಬೆಂಕಿಪೊಟ್ಟಣ... ಅರ್ಧಕ್ಕರ್ಧ ರದ್ದಿಗೆ ಹೋದವು. ಖಾಲಿ ಪೊಟ್ಟಣ ಅಂತ ಯಾರೂ ಯೋಚಿಸಲಿಲ್ಲ. ಉಳಿದದ್ದು ಎಷ್ಟು ಅಂತ ನೋಡಿ ಹೇಳುತ್ತೇನೆ.


ಹಳಿಯ ಮನುಷ್ಯ (ಕಲ್ಯಾಣ್):

ಗ್ರಂಥಪಾಲಕಿಯವರ ಮಾತಿಗೆ ಸ್ವಲ್ಪ ಎದುರು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು 34 ವರ್ಷ ರೈಲ್ವೆಯಲ್ಲಿ ಇದ್ದವನು. ನಂಬರಿನಲ್ಲಿ ಅರ್ಥ ಇರಬಾರದು ಅನ್ನೋದನ್ನು ನಾನು ಒಪ್ಪುವುದಿಲ್ಲ.

ಗೂಡ್ಸ್ ವ್ಯಾಗನ್ ಪಕ್ಕದಲ್ಲಿ ನಿಂತು ಅದರ ನಂಬರ್ ನೋಡಿ. 11 ಅಂಕೆ ಇರುತ್ತದೆ. ಮೊದಲ ಎರಡು ಯಾವ ಜಾತಿಯ ವ್ಯಾಗನ್ ಅಂತ. ಮುಂದಿನ ಎರಡು ಯಾವ ರೈಲ್ವೆಯದ್ದು. ಅದರ ಮುಂದಿನ ಎರಡು ತಯಾರಾದ ವರ್ಷ. ಆಮೇಲೆ ನಾಲ್ಕು ಅಂಕೆ ಅದರ ಸ್ವಂತ ನಂಬರ್. ಕೊನೆಯದು ಚೆಕ್ ಅಂಕೆ, ನಂಬರ್ ತಪ್ಪಾಗಿ ಬರೆದರೆ ಹಿಡಿಯಲು. ಯಾರ್ಡಿನಲ್ಲಿ ಮಳೆಯಲ್ಲಿ ನಿಂತು ಟಾರ್ಚ್ ಹಿಡಿದು ನಂಬರ್ ಬರೆದುಕೊಳ್ಳುವವನಿಗೆ ಅರ್ಥ ಇರುವ ನಂಬರ್ ಎಷ್ಟು ದೊಡ್ಡ ಸಹಾಯ ಅಂತ ನನಗೆ ಗೊತ್ತು.


ಡೊಂಬಿವಲಿ ಗ್ರಂಥಪಾಲಕಿ:

ಬೇಸರ ಯಾಕೆ ರಾಯರೇ, ಒಳ್ಳೆಯ ಉದಾಹರಣೆ ಕೊಟ್ಟಿರಿ. ಆದರೆ ವ್ಯಾಗನ್ ಕಾರ್ಖಾನೆಯಿಂದ ಹೊರಗೆ ಬರುವಾಗಲೇ ಅದು ಯಾವ ಜಾತಿ, ಯಾವ ವರ್ಷದ್ದು ಅಂತ ಖಚಿತವಾಗಿ ಗೊತ್ತಿರುತ್ತದೆ ಅಲ್ವಾ? ನಂಬರ್ ಕೊಡುವವರೂ ಅದನ್ನು ಮಾಡಿಸಿದವರೇ. ಅಕ್ಕನ ಟ್ರಂಕಿನಲ್ಲಿ ಹಾಗಿಲ್ಲ. ಇದು ಏನು ಅಂತ ಕಂಡುಹಿಡಿಯುವುದೇ ಕೆಲಸ. ಉತ್ತರ ಗೊತ್ತಾಗುವ ಮೊದಲೇ ಉತ್ತರವನ್ನು ನಂಬರಿನಲ್ಲಿ ಬರೆದುಬಿಟ್ಟರೆ ಹೇಗೆ?

ಹಿರಿಯರ ತೊಂದರೆಗೆ ದಾರಿ ಇದೆ. ಚೀಟಿಯ ಮೇಲೆ ನಂಬರ್ ಇಂಕಿನಲ್ಲಿ. ಅದರ ಕೆಳಗೆ ‘ಕೊಂಡಿ?’ ಅಂತ ಪೆನ್ಸಿಲ್‌ನಲ್ಲಿ. ಇಂಕಿನದು ಅಳಿಸುವ ಹಾಗಿಲ್ಲ, ಪೆನ್ಸಿಲಿನದು ಯಾವಾಗ ಬೇಕಾದರೂ ಅಳಿಸಬಹುದು.


ಹಳಿಯ ಮನುಷ್ಯ (ಕಲ್ಯಾಣ್):

ಇಂಕು, ಪೆನ್ಸಿಲ್ಲು. ಇದು ಒಪ್ಪಿದೆ ತಾಯಿ. ಆದರೆ ಚೆಕ್ ಅಂಕೆ ಮಾತ್ರ ಬಿಡಬೇಡಿ. ಮೂಕ ನಂಬರಿಗೆ ಅದು ಇನ್ನೂ ಜಾಸ್ತಿ ಬೇಕು, ಯಾಕಂದರೆ ತಪ್ಪು ಬರೆದರೆ ನೋಡಿ ಗೊತ್ತಾಗುವುದಿಲ್ಲ.

ಪುಸ್ತಕದ ಹಿಂದೆ ಬಾರ್‌ಕೋಡ್ ಕೆಳಗೆ 13 ಅಂಕೆ ಇರುತ್ತದಲ್ಲ, ಅದರ ಲೆಕ್ಕವನ್ನೇ ಇಲ್ಲಿ ಹಿಡಿಯಬಹುದು. ಎಡದಿಂದ 1ನೇ ಮತ್ತು 3ನೇ ಅಂಕೆ ಇದ್ದ ಹಾಗೇ ತೆಗೆದುಕೊಳ್ಳಿ. 2ನೇ ಮತ್ತು 4ನೇ ಅಂಕೆಯನ್ನು ಮೂರರಿಂದ ಗುಣಿಸಿ. ಎಲ್ಲ ಕೂಡಿಸಿ. ಮುಂದಿನ ಹತ್ತಕ್ಕೆ ಎಷ್ಟು ಕಡಿಮೆ ಇದೆಯೋ ಅದೇ ಕೊನೆ ಅಂಕೆ.

0417 ತೆಗೆದುಕೊಳ್ಳಿ. ಸೊನ್ನೆ, ನಾಲ್ಕು ಮೂರಲ ಹನ್ನೆರಡು, ಒಂದು, ಏಳು ಮೂರಲ ಇಪ್ಪತ್ತೊಂದು. ಒಟ್ಟು 34. ನಲವತ್ತಕ್ಕೆ 6 ಬೇಕು. ಹಾಗಾಗಿ 0417-6. ಯಾರಾದರೂ ಅವಸರದಲ್ಲಿ 0471 ಅಂತ ಬರೆದರೆ ಲೆಕ್ಕ 22 ಬರುತ್ತದೆ, ಕೊನೆ ಅಂಕೆ 8 ಆಗಬೇಕಿತ್ತು. 6 ಇದೆ ಅಂದರೆ ತಪ್ಪು ಅಂತ ಸಿಕ್ಕಿಬಿಡುತ್ತದೆ. ಒಂದು ಅಂಕೆ ತಪ್ಪಾದರೆ ಖಂಡಿತ ಸಿಗುತ್ತದೆ. ಪಕ್ಕಪಕ್ಕದ ಅಂಕೆ ಅದಲುಬದಲಾದರೂ ಹೆಚ್ಚಾಗಿ ಸಿಗುತ್ತದೆ. 1-6, 2-7 ಹೀಗೆ ಐದರ ಅಂತರ ಇರುವವು ಅದಲುಬದಲಾದರೆ ಮಾತ್ರ ಸಿಗುವುದಿಲ್ಲ.


ಕೊತ್ರೂಡ್ ಇಂಜಿನ್:

ನಮಸ್ಕಾರ್ರಿ ಅಕ್ಕಾರ. ನಾನು ಧಾರವಾಡದವ, ಪುಣೆಗೆ ಬಂದು 22 ವರ್ಷ ಆಯಿತು. ನಮ್ಮ ಮನೆಯಿಂದ ಕರ್ವೆ ರಸ್ತೆಯ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಹತ್ತಿರ. ಮಗನನ್ನು ಕರೆದುಕೊಂಡು ಹೋಗಿ ಹೋಗಿ ಹುಚ್ಚು ನನಗೇ ಹತ್ತಿತು. ಹಳೆ ಇಂಜಿನ್ ರಿಪೇರಿ ಮಾಡುತ್ತೇನೆ.

ಕಂಪನಿಯ ನಂಬರನ್ನೇ ನಿಮ್ಮ ನಂಬರ್ ಮಾಡೋಣ ಅಂತ ಯಾರಾದರೂ ಹೇಳಬಹುದು. ಅದೂ ಬೇಡ್ರಿ. ಯಾಕೆ ಅಂತ ಹೇಳುತ್ತೇನೆ.

ಕಂಪನಿಗಳು ತಮ್ಮ ನಂಬರನ್ನು ತಾವೇ ಬದಲಿಸಿವೆ. ಜರ್ಮನಿಯ ಗೋಪಿಂಗೆನ್ ಊರಿನ ಮಾರ್ಕ್ಲಿನ್ ಕಂಪನಿಯವರು ಸ್ವಿಸ್ ‘ಕ್ರೊಕೊಡೈಲ್’ ಇಂಜಿನನ್ನು ಮೊದಲು ಸಿಸಿಎಸ್ 800 ಅಂತ ಮಾರಿದರು. 1957ರ ಹೊತ್ತಿಗೆ ಅಕ್ಷರ ಬಿಟ್ಟು ಬರೀ ಅಂಕೆಗೆ ಬಂದರು, ಅದೇ ಇಂಜಿನ್ 3015 ಆಯಿತು. ಹಾರ್ನ್‌ಬಿ ಡಬ್ಲೊ, ಅಂದರೆ ಅವರ ಓಓ ಗೇಜಿನ ರೈಲು, 1938ರಲ್ಲಿ ಮೂರು ಹಳಿಯ ದಾರಿಯ ಮೇಲೆ ಶುರುವಾದದ್ದು. 1959ರಲ್ಲಿ ಎರಡು ಹಳಿಯದ್ದೂ ತಂದರು. ಆಗ ನಾಲ್ಕಂಕಿಯ ನಂಬರಿನಲ್ಲಿ ಮೊದಲ ಅಂಕೆ ಎಷ್ಟು ಹಳಿ ಅಂತ ಹೇಳುತ್ತಿತ್ತು. 2226 ಅಂದರೆ ಎರಡು ಹಳಿಯ ‘ಸಿಟಿ ಆಫ್ ಲಂಡನ್’. 3226 ಅಂದರೆ ಮೂರು ಹಳಿಯ ‘ಸಿಟಿ ಆಫ್ ಲಿವರ್‌ಪೂಲ್’. ಎರಡೂ ಇಂಜಿನ್ನಿನ ಮೇಲಿನ ಹೊದಿಕೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಬಿಡಿಭಾಗ ಮಾತ್ರ ಕೈಗೆ ಸಿಕ್ಕರೆ ಯಾವುದರದ್ದು ಅಂತ ಹೇಳುತ್ತೀರಿ?

ಅಮೆರಿಕದ ಲಯನೆಲ್‌ನವರ ಪದ್ಧತಿ ಇನ್ನೂ ಮಜಾ. ಬಿಡಿಭಾಗ ಮೊದಲ ಸಲ ಯಾವ ಇಂಜಿನ್ನಿಗೆ ಮಾಡಿದರೋ ಆ ಇಂಜಿನ್ನಿನ ನಂಬರ್ ಮುಂದೆ ಬರುತ್ತದೆ. 622-121 ಅಂದರೆ ಮೋಟಾರಿನ ಕಾರ್ಬನ್ ಬ್ರಷ್, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು. 622 ಅನ್ನೋದು ಒಂದು ಡೀಸೆಲ್ ಶಂಟರ್, ಯಾರ್ಡಿನಲ್ಲಿ ಬೋಗಿ ಅತ್ತಿತ್ತ ಸರಿಸುವ ಇಂಜಿನ್. ಆದರೆ ಅದೇ ಬ್ರಷ್ ಬೇರೆ ಎಷ್ಟೋ ಇಂಜಿನ್ನಿಗೆ ಕೂರುತ್ತದೆ. ಆ ನಂಬರ್ ಹುಟ್ಟಿದ ಊರು ಹೇಳುತ್ತದೆ, ಈಗಿನ ಮನೆ ಹೇಳುವುದಿಲ್ಲ.

ನನ್ನ ಮೆಚ್ಚಿನದು ಮೆಕ್ಯಾನೊ, ತೂತಿರುವ ತಗಡಿನ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಆಟಿಕೆ. ಹಾರ್ನ್‌ಬಿಯ ಅಣ್ಣ ಅದು. ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದದ್ದು ಅದಕ್ಕೇ, ರೈಲು ಬಂದದ್ದು 1920ರಲ್ಲಿ. ಮೆಕ್ಯಾನೊದಲ್ಲಿ 1 ಅಂದರೆ ಹನ್ನೆರಡೂವರೆ ಇಂಚಿನ ಪಟ್ಟಿ, 2 ಅಂದರೆ ಐದೂವರೆ ಇಂಚಿನದು. ನಡುವಿನ ಅಳತೆಗಳಿಗೆ ಒಂಬತ್ತೂವರೆ ಇಂಚಿಗೆ 1ಎ, ಏಳೂವರೆಗೆ 1ಬಿ. ಇದ್ದ ನಂಬರನ್ನು ಯಾವುದನ್ನೂ ಅಲ್ಲಾಡಿಸಲಿಲ್ಲ. ಗ್ರಂಥಪಾಲಕಿ ಮೇಡಂ ಹೇಳಿದ್ದು ಇದನ್ನೇ ಅಲ್ಲೇನ್ರಿ?

ಕಂಪನಿ ನಂಬರ್ ಗೊತ್ತಾದಲ್ಲಿ ಬೇರೆ ಕಾಲಂನಲ್ಲಿ ಬರೆಯಿರಿ. ಎರಡು ನಂಬರ್ ಇದ್ದರೆ ಎರಡನ್ನೂ ಬರೆಯಿರಿ.

ಆ ‘ಕೊಂಡಿ’ಯ ಫೋಟೊ ಹಾಕಿ. ಗ್ರಾಫ್ ಕಾಗದದ ಮೇಲೆ ಇಟ್ಟು, ಎರಡೂ ಮುಖ.


ವಾಸ್ಕೋ ಬಂದರು:

ಅಕ್ಕ, ನನ್ನದೊಂದು ಸಣ್ಣ ಸಂದೇಹ. ಅಪ್ಪ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ತಂದ ಒಂದು ಡಬ್ಬಿ ರೈಲಿನ ಸಾಮಾನು ನಮ್ಮ ಮನೆಯಲ್ಲೂ ಇದೆ. ಅದರಲ್ಲಿ ಸ್ಕ್ರೂ, ನಟ್ಟುಗಳೇ ಇನ್ನೂರು ಇರಬಹುದು. ಒಂದೊಂದಕ್ಕೂ ನಂಬರ್ ಕೊಡಬೇಕಾ?


ಡೊಂಬಿವಲಿ ಗ್ರಂಥಪಾಲಕಿ:

ಬೇಡ ತಮ್ಮಾ. ಒಂದೇ ಥರದವು ಒಂದೇ ಕಡೆ ಸಿಕ್ಕಿದ್ದರೆ ಎಲ್ಲಕ್ಕೂ ಸೇರಿ ಒಂದು ನಂಬರ್, ಪಕ್ಕದಲ್ಲಿ ‘37 ತುಂಡು’ ಅಂತ ಎಣಿಕೆ. ಯಾವುದಾದರೂ ಒಂದು ವಿಶೇಷ ಅನ್ನಿಸಿದ ದಿನ ಅದನ್ನು ಹೊರಗೆ ತೆಗೆದು ಹೊಸ ನಂಬರ್ ಕೊಡಿ, ಎಲ್ಲಿಂದ ತೆಗೆದದ್ದು ಅಂತ ಬರೆಯಿರಿ. ಎಣಿಕೆ 36 ಮಾಡಿ.


ಕೊತ್ರೂಡ್ ಇಂಜಿನ್:

ಸ್ಕ್ರೂಗಳನ್ನು ಎಸೆಯಬೇಡಿ, ಅವೇ ಸಾಕ್ಷಿ. ಹಾರ್ನ್‌ಬಿ ಡಬ್ಲೊದಲ್ಲಿ ಹಳೆ ಬ್ರಿಟಿಷ್ ಬಿಎ ಅಳತೆಯ ಮರೆ (ಸ್ಕ್ರೂವಿನ ಸುರುಳಿ ಗೆರೆ) ಇರುತ್ತದೆ. ಜರ್ಮನಿಯದ್ದರಲ್ಲಿ ಮೆಟ್ರಿಕ್. ಒಂದು ಎರಡು ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂ ಇಟ್ಟುಕೊಂಡು ರಂಧ್ರಕ್ಕೆ ಮೆಲ್ಲಗೆ ಬೆರಳಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ಹೋದರೆ ಒಂದು ಸುಳಿವು ಸಿಕ್ಕಿತು. ತಡೆದರೆ ಅಲ್ಲೇ ಬಿಡಿ, ಒತ್ತಾಯ ಮಾಡಬೇಡಿ.

ಇನ್ನೆರಡು ಮಾತು. ಇದು ಎಲ್ಲರಿಗೂ ಅನ್ವಯ ಆಗುತ್ತದೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಎರಕದ ಗಾಲಿ, ಚೌಕಟ್ಟುಗಳನ್ನು ಬಹಳ ಹುಷಾರಾಗಿ ಮುಟ್ಟಿ. ಆಗಿನ ಸತುವಿನ ಎರಕದಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ಸಾಕು, ವರ್ಷಗಳು ಕಳೆದ ಹಾಗೆ ಒಳಗಿಂದಲೇ ಬಿರುಕು ಬಿಟ್ಟು ಉಬ್ಬುತ್ತದೆ. ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಅದನ್ನು ವಾಪಸ್ ಸರಿ ಮಾಡಲು ಆಗುವುದಿಲ್ಲ. ಸೆಕೆ, ತೇವ ಎರಡೂ ಇದ್ದರೆ ಬೇಗ ಆಗುತ್ತದೆ. ಮುಂಬೈ, ಗೋವಾದಲ್ಲಿ ಎರಡೂ ಇವೆ. ಒಣಗಿದ ಜಾಗದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಇಂಥದ್ದನ್ನು ಮೊದಲು ಅಳೆದು, ಫೋಟೊ ತೆಗೆಯಿರಿ. ಮುಂದಿನ ವರ್ಷ ಮತ್ತೆ ಅಳೆದರೆ ಉಬ್ಬಿದೆಯಾ ಅಂತ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಸ್ಥಿತಿ ಅಂತ ಒಂದು ಕಾಲಂ, ಅದರ ಪಕ್ಕದಲ್ಲೇ ನೋಡಿದ ತಾರೀಕು ಇರಲಿ.

ಎರಡನೆಯದು ಆಯಸ್ಕಾಂತ. ಹಳೆ ಡಬ್ಲೊ ಮೋಟಾರಿನ ಆಯಸ್ಕಾಂತವನ್ನು ಫೋಟೊಗೋಸ್ಕರ ಬಿಚ್ಚಬೇಡಿ. ಹೊರಗೆ ತೆಗೆದರೆ ಶಕ್ತಿ ಇಳಿಯುತ್ತದೆ. ಈಗಾಗಲೇ ಬಿಡಿಯಾಗಿ ಸಿಕ್ಕಿದ್ದರೆ ಎರಡು ತುದಿಗೂ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಅಂಟಿಸಿ ಇಡಿ.


ಹಿಂಜೆವಾಡಿ ಅಕ್ಷರ:

ನಾನು ಸಾಫ್ಟ್‌ವೇರ್ ಕಡೆಯವನು, ರೈಲಿನ ಬಗ್ಗೆ ಏನೂ ಗೊತ್ತಿಲ್ಲ. ಪಟ್ಟಿಯ ಬಗ್ಗೆ ಹೇಳುತ್ತೇನೆ.

ಅಕ್ಕ, ನೀವು ಎಕ್ಸೆಲ್‌ನಲ್ಲಿ ಬರೆಯುತ್ತಿದ್ದೀರಿ ಅಂದುಕೊಂಡಿದ್ದೇನೆ. 0212 ಅಂತ ಒತ್ತಿ ಎಂಟರ್ ಹೊಡೆದರೆ ಅದು 212 ಆಗುತ್ತದೆ, ಮುಂದಿನ ಸೊನ್ನೆ ಹೋಯಿತು. 3-12 ಅಂತ ಬರೆದರೆ ತಾರೀಕು ಆಗಿಬಿಡುತ್ತದೆ. ಹಾಗಾಗಿ ಮುಂದೆ ಒಂದು ಅಕ್ಷರ ಹಾಕಿ. ‘ವ’ ಅಂದರೆ ವಸ್ತು. ವ0212-7. ಆಗ ಅದನ್ನು ಅಕ್ಷರ ಅಂತಲೇ ಓದುತ್ತದೆ. ನಿಮ್ಮ ಸ್ಮರಣ ಸಂಚಿಕೆಗಳ ನಂಬರಿನ ಜೊತೆ ಕಲಸಿಹೋಗುವುದೂ ಇಲ್ಲ. ಮುಂದೆ ಸೊನ್ನೆ ಇರಲೇಬೇಕು. ಇಲ್ಲದಿದ್ದರೆ ಫೋಲ್ಡರುಗಳಲ್ಲಿ ಎಷ್ಟೋ ಕಡೆ 10 ಮುಂಚೆ ಬಂದು 2 ಆಮೇಲೆ ಬರುತ್ತದೆ.

ಅಂಕೆಗಳ ಬಗ್ಗೆ ಬಹಳ ಗಮನ ಇರಲಿ. ಕನ್ನಡದ ೧೨ ಮತ್ತು 12 ಕಂಪ್ಯೂಟರಿಗೆ ಬೇರೆ ಬೇರೆ ಗುರುತುಗಳು. ಯುನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಜಾಗ. ಒಬ್ಬರು ೧೨ ಅಂತ ಬರೆದು, ಇನ್ನೊಬ್ಬರು 12 ಅಂತ ಹುಡುಕಿದರೆ ಸಿಗದೇ ಹೋಗಬಹುದು. ನಂಬರಿಗೆ ಯಾವುದಾದರೂ ಒಂದೇ ಅಂತ ಮೊದಲೇ ತೀರ್ಮಾನ ಮಾಡಿ.

ಕಂಪನಿ ಹೆಸರೂ ಹಾಗೇ. ಮೇಲಿನ ಉತ್ತರಗಳನ್ನೇ ನೋಡಿ. ಹಾರ್ನ್‌ಬಿ ಅಂತ ನ್ ಬಿಡಿಸಿ ಬರೆದಿದ್ದೇವೆ. ಯಾರಾದರೂ ಹಾರ್ನ್ಬಿ ಅಂತ ಒತ್ತಕ್ಷರ ಕೊಟ್ಟು ಬರೆದರೆ ಓದುವವರಿಗೆ ಒಂದೇ, ಹುಡುಕುವ ಯಂತ್ರಕ್ಕೆ ಎರಡು. ನ್ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಹಾಗಾಗಿ ಹೆಸರುಗಳನ್ನು ಪ್ರತಿ ಸಲ ಟೈಪ್ ಮಾಡಬೇಡಿ. ಒಂದು ಪಟ್ಟಿ ಮಾಡಿ, ಅದರಿಂದ ಆರಿಸುವ ಹಾಗೆ ಇಡಿ.

ಫೋಟೊ ಫೈಲಿಗೆ ಬರೀ ನಂಬರ್ ಸಾಕು. 0212-7-1, 0212-7-2. ಹೆಸರಿನಲ್ಲಿ ‘ಕೊಂಡಿ’ ಬೇಡ.


ಡೊಂಬಿವಲಿ ಗ್ರಂಥಪಾಲಕಿ:

ಈ ತಮ್ಮ ಹೇಳಿದ ಪಟ್ಟಿಯನ್ನೇ ನಾವು ಹಿಂದೆ ಕಾರ್ಡಿನಲ್ಲಿ ಮಾಡುತ್ತಿದ್ದೆವು. ‘ಚಾವಿ: ಕೀಲಿ ನೋಡಿ’ ಅಂತ. ಅದನ್ನು ಇಲ್ಲಿ ಖಂಡಿತ ಮಾಡಬೇಕು. ಧಾರವಾಡದವರು ಚಾವಿ ರೈಲು ಅನ್ನುತ್ತಾರೆ, ನಮ್ಮ ಮೈಸೂರಿನ ಕಡೆ ಕೀ ಕೊಡುವ ರೈಲು. ಎರಡು ಮಾತಿಗೂ ಅದೇ ವಸ್ತು ಸಿಗಬೇಕು.

ಇನ್ನೊಂದು. ವಿಷಯದ ಕಾಲಂನಲ್ಲಿ ಬರೀ ‘ಟಾಯ್ ಟ್ರೈನ್’ ಅಂತ ಬರೆಯಬೇಡಿ. ಮುಂಬೈನಲ್ಲಿ ಆ ಮಾತು ಕೇಳಿದರೆ ಎಲ್ಲರಿಗೂ ನೆನಪಾಗುವುದು 1907ರಿಂದ ನೇರಳ್‌ನಿಂದ ಹತ್ತುವ ಮಾಥೆರಾನ್ ರೈಲು. ಅದು ಎರಡಡಿ ಗೇಜಿನ ನಿಜವಾದ ರೈಲು, ಜನ ಕೂತು ಹೋಗುವಂಥದ್ದು. ನಿಮ್ಮ ಸ್ಮರಣ ಸಂಚಿಕೆಗಳಲ್ಲಿ ಮಾಥೆರಾನ್ ಪ್ರವಾಸದ ಫೋಟೊಗಳೂ ಇರುತ್ತವೆ ಅಲ್ವಾ? ಎರಡೂ ಕಲಸಿಹೋಗುತ್ತವೆ. ‘ಆಟಿಕೆ ರೈಲು’ ಅಂತ ಒಂದು, ‘ಬೆಟ್ಟದ ರೈಲು’ ಅಂತ ಒಂದು ಮಾಡಿ.


ಮುಲುಂಡ್ ಕಪಾಟು:

ನಿನ್ನೆ ರಾತ್ರಿ ಕೂತು ಉಳಿದ ಬೆಂಕಿಪೊಟ್ಟಣಗಳನ್ನು ನೋಡಿದೆ. 58 ಉಳಿದಿವೆ. ಗ್ರಂಥಪಾಲಕಿ ಮೇಡಂ, ನೀವು ಯಾಕೆ ಕೇಳಿದಿರಿ ಅಂತ ಈಗ ಅರ್ಥ ಆಯಿತು. ಪ್ರತಿ ಪೊಟ್ಟಣದ ಒಳಗೆ, ಎಳೆಯುವ ತಟ್ಟೆಯ ತಳದಲ್ಲಿ, ಕನ್ನಡ ಅಂಕೆಯಲ್ಲಿ ನಂಬರ್ ಇದೆ. ೭, ೧೪, ೩೩. ಕೆಲವದರಲ್ಲಿ ಒಂದೆರಡು ಪದ. ಅವರೇ ಪಟ್ಟಿ ಮಾಡಿಟ್ಟಿದ್ದರು. ನಾವು ಅದನ್ನು ನೋಡದೇ ಒಳಗಿದ್ದದ್ದನ್ನು ಹಂಚಿಬಿಟ್ಟೆವು. ಹೋದ ಪೊಟ್ಟಣಗಳ ನೆನಪಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅವರ ಮಗಳಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಟ್ರಂಕ್ ಕೊಡುವ ಮೊದಲು ಒಂದೊಂದೇ ಪೊಟ್ಟಣ ತೆರೆದು ಮೊಬೈಲಿನಲ್ಲಿ ಫೋಟೊ ತೆಗೆದಿದ್ದಾರಂತೆ, ಅಪ್ಪನ ಅಕ್ಷರ ನೋಡಬೇಕು ಅಂತ. ಎಲ್ಲವನ್ನೂ ಕಳಿಸಿದ್ದಾರೆ. ಕೆಲವು ಮಸುಕಾಗಿವೆ, ಆದರೆ ಹೆಚ್ಚಿನವು ಓದಲು ಬರುತ್ತವೆ.

ಆ ‘12ನೇ ಕೊಂಡಿ’ಯ ಫೋಟೊ ಹಾಕಿದ್ದೇನೆ. ಉದ್ದನೆಯ ತೆಳು ತಗಡು, ಐಸ್‌ಕ್ರೀಂ ಕಡ್ಡಿಯಷ್ಟು. ಎರಡು ತುದಿ ಮೇಲಕ್ಕೆ ಬಾಗಿದೆ. ಒತ್ತಿದರೆ ಪುಟಿಯುತ್ತದೆ. ಮಗಳು ಕಳಿಸಿದ ಫೋಟೊದಲ್ಲಿ ಇದು ೧೪ನೇ ಪೊಟ್ಟಣದಲ್ಲಿತ್ತು. ತಳದಲ್ಲಿ ‘ಮೊಸಳೆ. ಕೆಳಗಿನ ಪಟ್ಟಿ’ ಅಂತ ಬರೆದಿದ್ದಾರೆ. ಮೊಸಳೆ ಅಂದರೆ ಮಕ್ಕಳ ಬೇರೆ ಯಾವುದೋ ಆಟಿಕೆ ಇರಬೇಕು ಅಂದುಕೊಂಡೆವು.


ಕೊತ್ರೂಡ್ ಇಂಜಿನ್:

ಅಕ್ಕಾ! ಮೊಸಳೆ ಅಂದರೆ ಕ್ರೊಕೊಡೈಲ್ ರೀ! ನಾನು ಮೇಲೆ ಬರೆದೆನಲ್ಲ, ಸಿಸಿಎಸ್ 800, ಆಮೇಲೆ 3015. ಮುಂದೆ ಹಿಂದೆ ಉದ್ದ ಮೂತಿ ಇರುವ ಸ್ವಿಸ್ ಕರೆಂಟ್ ಇಂಜಿನ್. ಅದಕ್ಕೆ ಕನ್ನಡದಲ್ಲೇ ಹೆಸರಿಟ್ಟು ಬರೆದಿಟ್ಟಿದ್ದಾರೆ.

ನಿಮ್ಮ ಕೈಯಲ್ಲಿರುವುದು ಅದರ ಹೊಟ್ಟೆಯ ಕೆಳಗಿನ ಸ್ಲೈಡರ್. ಕೆಲಸ ಹೇಗೆ ಅಂದರೆ, ಮಾರ್ಕ್ಲಿನ್‌ನವರ ದಾರಿಯಲ್ಲಿ ಎರಡೂ ಹಳಿ ಸೇರಿ ಕರೆಂಟಿನ ಒಂದು ಕಡೆ. ಇನ್ನೊಂದು ಕಡೆ ನಡುವಿನಲ್ಲಿ. ಮೊದಲು ಅಲ್ಲೂ ಉದ್ದಕ್ಕೆ ಹಳಿ ಇತ್ತು. 1950ರ ದಶಕದಲ್ಲಿ ಅದರ ಬದಲು ಸಣ್ಣ ಸಣ್ಣ ಚುಕ್ಕಿಯಂಥ ಮೊಳೆತಲೆಗಳನ್ನು ತಂದರು. ಒಂದು ಚುಕ್ಕಿ ಬಿಡುವ ಮೊದಲೇ ಮುಂದಿನ ಚುಕ್ಕಿ ಮುಟ್ಟಬೇಕು. ಅದಕ್ಕೇ ಇದು ಇಷ್ಟು ಉದ್ದ. ತುದಿ ಬಾಗಿರುವುದು ಚುಕ್ಕಿಗೆ ಸಿಕ್ಕಿಕೊಳ್ಳದಿರಲಿ ಅಂತ. ಕೊಂಡಿ ಅಂತ ಯಾರಿಗಾದರೂ ಅನ್ನಿಸುವಂಥದ್ದೇ.

ಒಂದು ಎಚ್ಚರಿಕೆ. ಮಾರ್ಕ್ಲಿನ್ ಆಗ ಓಡುತ್ತಿದ್ದದ್ದು ಎಸಿ ಕರೆಂಟಿನಲ್ಲಿ, ಸುಮಾರು 16 ವೋಲ್ಟ್. ದಿಕ್ಕು ಬದಲಿಸಲು 24 ವೋಲ್ಟಿನ ಒಂದು ಏಟು ಕೊಡಬೇಕು. ಡಬ್ಲೊ 12 ವೋಲ್ಟ್ ಡಿಸಿ. ಟ್ರಂಕಿನಲ್ಲಿ ಹಳೆ ಟ್ರಾನ್ಸ್‌ಫಾರ್ಮರ್ ಇದ್ದರೆ ಯಾವುದಕ್ಕೂ ಸಿಕ್ಕಿಸಿ ನೋಡಬೇಡಿ. ಡಬ್ಲೊ ಮೋಟಾರ್ ಸುಟ್ಟುಹೋಗುತ್ತದೆ. ಹಳೆ ವೈರಿನಿಂದ ಕೈಗೆ ಶಾಕ್ ಹೊಡೆಯುವ ಭಯವೂ ಇದೆ. ಎಸಿಯೋ ಡಿಸಿಯೋ ಅನ್ನೋದು ಪಟ್ಟಿಯಲ್ಲಿ ಬೇಕೇ ಬೇಕು.

೧೪ನೇ ಪೊಟ್ಟಣದ ಫೋಟೊದಲ್ಲಿ ಇನ್ನೇನಿದೆ?


ಮುಲುಂಡ್ ಕಪಾಟು:

ಎರಡು ಕಪ್ಪು ಬ್ರಷ್, ಒಂದು ಬಗ್ಗಿದ ಪ್ಯಾಂಟೊಗ್ರಾಫ್ (ಇಂಜಿನ್ ತಲೆಯ ಮೇಲೆ ತಂತಿ ಮುಟ್ಟುವ ಚೌಕಟ್ಟು). ಬ್ರಷ್ಷನ್ನು ನಾವು ‘ಕಾರ್ಬನ್’ ಡಬ್ಬಿಗೆ ಹಾಕಿದ್ದೆವು. ಪ್ಯಾಂಟೊಗ್ರಾಫ್ ‘ತಂತಿ ಸಾಮಾನು’ ಡಬ್ಬಿಯಲ್ಲಿ ಸಿಕ್ಕಿತು. ಮೂರೂ ಒಂದೇ ಇಂಜಿನ್ನಿಗೆ ಅಂತ ಅವರು ಜೋಡಿಸಿಟ್ಟಿದ್ದರು. ಇಂಜಿನ್ ಮಾತ್ರ ಟ್ರಂಕಿನಲ್ಲಿ ಇಲ್ಲ.


ಹಳಿಯ ಮನುಷ್ಯ (ಕಲ್ಯಾಣ್):

ಇದನ್ನು ಓದಿ ಕಣ್ಣು ತುಂಬಿತು. ಆ ಹಿರಿಯರು ಮೊಸಳೆಯನ್ನೇ ಯಾಕೆ ಹುಡುಕುತ್ತಿದ್ದರು ಅಂತ ನನಗೊಂದು ಊಹೆ ಇದೆ. ಮುಂಬೈ–ಪುಣೆ ದಾರಿಯಲ್ಲಿ ಘಾಟ್ ಹತ್ತಿಸಲು 1928ರಲ್ಲಿ ಅದೇ ಜಾತಿಯ ಇಂಜಿನ್ ಬಂದಿತ್ತು, ಡಬ್ಲ್ಯುಸಿಜಿ-1. ಸ್ವಿಸ್ ವಿನ್ಯಾಸ, ಅದೇ ಎರಡು ಮೂತಿ. ಇಲ್ಲಿ ಅದಕ್ಕೆ ಖೇಕಡಾ ಅಂತಿದ್ದರು, ಏಡಿ ಅಂತ. ಕಲ್ಯಾಣ್ ಯಾರ್ಡಿನಲ್ಲಿ ಅದರ ನರಳುವ ಸದ್ದು ಕೇಳಿದವರು ಮರೆಯುವುದಿಲ್ಲ. ಮಾಟುಂಗಾದ ಹುಡುಗ ಅದನ್ನು ನೋಡಿರದೇ ಇರುತ್ತಾನೆಯೇ? ಇದು ಊಹೆ ಮಾತ್ರ, ಪಟ್ಟಿಯಲ್ಲಿ ಬರೆಯುವುದಾದರೆ ಪೆನ್ಸಿಲಿನಲ್ಲಿ ಬರೆಯಿರಿ.


ಡೊಂಬಿವಲಿ ಗ್ರಂಥಪಾಲಕಿ:

ಅಕ್ಕ, ಹಾಗಾದರೆ ಕೆಲಸದ ಕ್ರಮ ಬದಲಿಸೋಣ. ಹಳೆ ದಾಖಲೆ ಇಡುವವರು ಮೊದಲು ಕಲಿಯುವುದೇ ಇದು: ಇಟ್ಟವರು ಹೇಗೆ ಜೋಡಿಸಿದ್ದರೋ ಅದನ್ನು ಕೆಡಿಸಬಾರದು. ಮಗಳ ಫೋಟೊ ಮುಂದಿಟ್ಟುಕೊಂಡು ಪೊಟ್ಟಣ ಪೊಟ್ಟಣವಾಗಿ ವಾಪಸ್ ಜೋಡಿಸಿ, ಆ ಕ್ರಮದಲ್ಲೇ ಹೊಸ ನಂಬರ್ ಕೊಡಿ. ‘ಕೊಟ್ಟವರ ನಂಬರ್’ ಅಂತ ಒಂದು ಕಾಲಂ ಮಾಡಿ, ಅಲ್ಲಿ ಅವರು ಬರೆದ ಹಾಗೆಯೇ ೧೪ ಅಂತ ಕನ್ನಡ ಅಂಕೆಯಲ್ಲಿ ಬರೆಯಿರಿ. ಪಕ್ಕದಲ್ಲಿ 14 ಅಂತಲೂ ಇರಲಿ, ಹಿಂಜೆವಾಡಿ ತಮ್ಮ ಹೇಳಿದ ಕಾರಣಕ್ಕೆ. ‘ಹಾ-ಓಓ-ಕೊಂ-12’ ಕೂಡ ಅಳಿಸಬೇಡಿ. ಅದನ್ನು ಎಲ್ಲರಿಗೂ ಕಳಿಸಿದ್ದೀರಿ. ‘ಹಿಂದಿನ ನಂಬರ್’ ಕಾಲಂನಲ್ಲಿ ಇರಲಿ. ಯಾರಾದರೂ ಹಳೆ ಮೆಸೇಜ್ ಹಿಡಿದು ಬಂದರೆ ದಾರಿ ಸಿಗಬೇಕು.

ಉಳಿದ 58 ಪೊಟ್ಟಣಗಳಿಗೂ ನಂಬರ್ ಕೊಡಿ. ಅವೂ ವಸ್ತುಗಳೇ.


ವಾಸ್ಕೋ ಬಂದರು:

ನಂಬರನ್ನು ಲೋಹದ ಮೇಲೆ ನೇರವಾಗಿ ಬರೆಯಬಹುದಾ? ಚೀಟಿ ನಮ್ಮಲ್ಲಿ ಬೆಳ್ಳಿಹುಳ ತಿಂದುಬಿಡುತ್ತದೆ.


ಡೊಂಬಿವಲಿ ಗ್ರಂಥಪಾಲಕಿ:

ಮ್ಯೂಸಿಯಂಗಳಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಸಣ್ಣ ಪಟ್ಟೆ ಹಚ್ಚುತ್ತಾರೆ. ಒಣಗಿದ ಮೇಲೆ ಅದರ ಮೇಲೆ ಬರೆದು ಮತ್ತೊಂದು ಪದರ ಕೊಡುತ್ತಾರೆ. ಬೇಕೆಂದಾಗ ತೆಗೆಯಬಹುದು. ಆದರೆ ಬಣ್ಣ ಇರುವ ಭಾಗದ ಮೇಲೆ ಬೇಡ, ಅಸಿಟೋನ್ ಹಳೆ ಬಣ್ಣವನ್ನು ಕರಗಿಸುತ್ತದೆ. ಉಗುರಿನ ಪಾಲಿಶ್ ಅಂತೂ ಬೇಡ, ಹಳದಿಯಾಗಿ ಸಿಪ್ಪೆ ಏಳುತ್ತದೆ. ಇಷ್ಟು ಚಿಕ್ಕ ತುಂಡುಗಳಿಗೆ ಜಿಪ್ ಇರುವ ಪಾಲಿಥೀನ್ ಚೀಲ ಸಾಕು. ಚೀಟಿ ಚೀಲದ ಒಳಗೇ ಇರಲಿ. ಪಿವಿಸಿ ಚೀಲ ತೆಗೆದುಕೊಳ್ಳಬೇಡಿ, ಅದು ಕಾಲ ಕಳೆದಂತೆ ಅಂಟಾಗಿ ಲೋಹವನ್ನು ಕೆಡಿಸುತ್ತದೆ.


ಮುಲುಂಡ್ ಕಪಾಟು:

ಮೂರು ಭಾನುವಾರ ಆಯಿತು. ಏಳು ಜನ ಕೂತು ಫೋಟೊ ನೋಡಿ ನೋಡಿ ಜೋಡಿಸಿದೆವು. 83 ಪೊಟ್ಟಣಗಳ ಒಳಗಿದ್ದದ್ದು ಪೂರ್ತಿ ಸರಿ ಹೊಂದಿತು. 20ರಲ್ಲಿ ಒಂದೆರಡು ತುಂಡು ಅನುಮಾನ. ಉಳಿದವು ಯಾವ ಪೊಟ್ಟಣದ್ದು ಅಂತ ಗೊತ್ತಾಗಲಿಲ್ಲ, ಅವುಗಳಿಗೆ ಕೊನೆಯಲ್ಲಿ ನಂಬರ್ ಕೊಟ್ಟೆವು. ನಮ್ಮಲ್ಲಿ ಒಬ್ಬ ಅಜ್ಜಿಗೆ 78 ವರ್ಷ. ಚೆಕ್ ಅಂಕೆಯ ಲೆಕ್ಕ ಬಾಯಲ್ಲೇ ಹಾಕುತ್ತಾರೆ, ನಮಗಿಂತ ಬೇಗ.

ಮೊಸಳೆಯ ದಾಖಲೆ ಹೀಗೆ ಬಂದಿದೆ, ನೋಡಿ ಹೇಳಿ.

ನಂಬರ್ ವ0221-7. ಏನು: ಸ್ಲೈಡರ್, ಇಂಜಿನ್ ಕೆಳಗಿನ ಕರೆಂಟ್ ಪಟ್ಟಿ. ಕೊಟ್ಟವರ ನಂಬರ್ ೧೪ (14). ಕೊಟ್ಟವರು ಬರೆದದ್ದು: ಮೊಸಳೆ. ಕೆಳಗಿನ ಪಟ್ಟಿ. ಕಂಪನಿ: ಮಾರ್ಕ್ಲಿನ್. ಕಂಪನಿಯ ಇಂಜಿನ್ ನಂಬರ್: ಸಿಸಿಎಸ್ 800 ಅಥವಾ 3015. ಕರೆಂಟ್: ಎಸಿ. ಹಿಂದಿನ ನಂಬರ್: ಹಾ-ಓಓ-ಕೊಂ-12. ಜೊತೆಗಿದ್ದವು: ಬ್ರಷ್ ಎರಡು, ಪ್ಯಾಂಟೊಗ್ರಾಫ್ ಒಂದು. ಸ್ಥಿತಿ: ಚೆನ್ನಾಗಿದೆ, ಒಂದು ತುದಿಯಲ್ಲಿ ಸ್ವಲ್ಪ ತುಕ್ಕು.


ಹಳಿಯ ಮನುಷ್ಯ (ಕಲ್ಯಾಣ್):

ಎಲ್ಲ ಚೆನ್ನಾಗಿದೆ ತಾಯಿ. ನಂಬರ್ ಒಂದು ಸಲ ನೋಡಿ. 0221 ಆಗಿದ್ದರೆ ಲೆಕ್ಕ 11 ಬಂದು ಕೊನೆ ಅಂಕೆ 9 ಆಗಬೇಕು. 7 ಇದೆ. 0212 ಆಗಿದ್ದರೆ 13, ಆಗ 7 ಸರಿ. ಟೈಪ್ ಮಾಡುವಾಗ ಒಂದು ಎರಡು ಅದಲುಬದಲಾಗಿರಬೇಕು.


ಮುಲುಂಡ್ ಕಪಾಟು:

ಚೀಲ ತೆಗೆದು ನೋಡಿದೆ. ಚೀಟಿಯಲ್ಲಿ ಅಜ್ಜಿ ವ0212-7 ಅಂತಲೇ ಬರೆದಿದ್ದಾರೆ. ಪಟ್ಟಿಯಲ್ಲಿ ಈಗಲೇ ತಿದ್ದುತ್ತಿದ್ದೇನೆ.